ಮತ್ತಿಕೆರೆಯಿಂದ ಹಿಮ ಬಾಚುವವಳು

ಅವರ ರಾತ್ರಿ ಹತ್ತು ಅಂದರೆ ನನ್ನ ಬೆಳಿಗ್ಗೆ ಒಂಬತ್ತೂವರೆ.
ಕಸದ ಆಟೋ ಹೋಗಿರುತ್ತದೆ, ಎರಡನೇ ಕಾಫಿ ಆಗಿರುತ್ತದೆ.
ಪರದೆಯ ಮೇಲೆ ಕೆನಡಾದ ಒಂದು ಸಣ್ಣ ಊರು,
ಅದರ ಬೀದಿಗಳಲ್ಲಿ ಹನ್ನೊಂದು ಹಳದಿ ಚುಕ್ಕೆ:
ಹಿಮ ಬಾಚುವ ಲಾರಿಗಳು.
ಯಾವುದು ಯಾವ ಬೀದಿಗೆ ಎಂದು ಹೇಳುವವಳು ನಾನು,
ಮತ್ತಿಕೆರೆ, ಎರಡನೇ ಮಹಡಿ,
ಹಿಮವನ್ನು ಫ್ರಿಜ್ಜಿನ ಒಳಗೋಡೆಯಲ್ಲಿ ಮಾತ್ರ ಕಂಡವಳು.

ಹಿಂದೆ ಟ್ಯಾಕ್ಸಿ ಕಂಪನಿಯ ವೈರ್‌ಲೆಸ್ಸಿನಲ್ಲಿದ್ದೆ, ಹನ್ನೆರಡು ವರ್ಷ.
"ಗಾಡಿ ನಲವತ್ತೇಳು, ಮೇಖ್ರಿ ಸರ್ಕಲ್ ಜಾಮು,
ಸದಾಶಿವನಗರದ ಒಳಗಿಂದ ಬನ್ನಿ."
ಆ್ಯಪು ಬಂತು, ಕಂಪನಿ ಮುಚ್ಚಿತು, ಗಂಟಲು ಉಳಿಯಿತು.
ಆ ಗಂಟಲಿಗೇ ಇವರು ಸಂಬಳ ಕೊಡುವುದು.
ಸಂಬಳ ಅನ್ನಬಾರದಂತೆ; ಬಿಲ್ಲು ನಾನೇ ಬರೆದು ಕಳಿಸಬೇಕು.
ರಜೆಯಿಲ್ಲ, ಪಿಎಫ್ ಇಲ್ಲ,
ಬ್ಯಾಂಕಿನ ಹುಡುಗನಿಗೆ ಪ್ರತಿ ತಿಂಗಳೂ ಅನುಮಾನ:
"ಮೇಡಂ, ಈ ದುಡ್ಡು ಬಂದ ಉದ್ದೇಶ?"
ಹಿಮ, ಅಂದೆ ಒಂದು ಸಲ.
ಅವನ ಪಟ್ಟಿಯಲ್ಲಿ ಹಿಮವಿರಲಿಲ್ಲ.
"ಇತರೆ" ಎಂದು ಒತ್ತಿದ.

ಮನೆ ಓನರ್ ಪುಟ್ಟಲಿಂಗಮ್ಮ ಬೀದಿಗೆಲ್ಲ ಹೇಳಿದ್ದು:
"ಮೇಲಿನವಳು ಇಡೀ ದಿನ ಗೋಡೆಗೆ ಇಂಗ್ಲಿಷ್ ಹೇಳ್ಕೊಡ್ತಾಳೆ."

ಗಾಡಿ ಆರು, ಗಾರ್ತ್. ನನ್ನ ಹೆಸರು ವಾರಿಜಾ,
ಅವನ ಬಾಯಲ್ಲಿ ವರಿ. ಅವರ ಭಾಷೆಯಲ್ಲಿ ಅದು ಚಿಂತೆ.
ಕುಕ್ಕರು ಕೂಗಿದರೆ ಎಣಿಸುತ್ತಾನೆ,
ಮೂರಾದರೆ, "ವರಿ, ಒಲೆ."
ಮ್ಯೂಟ್ ಮಾಡಿದರೆ ಮುನಿಸು.
ಸುತ್ತ ಬಿಳಿ, ಕತ್ತಲು, ಸೊನ್ನೆಗಿಂತ ಮೂವತ್ತೊಂದು ಕೆಳಗೆ;
ನಿದ್ದೆ ಎಳೆಯುವಾಗ ಅವನಿಗೆ ಬೇಕಾದ್ದು ಇಲ್ಲಿಯ ಹಗಲು:
ಹಳೇ ಪೇಪರಿನವನ ಕೂಗು, ಎದುರು ಸೈಟಿನಲ್ಲಿ ಟೈಲ್ಸ್ ಕೊಯ್ಯುವ ಮೆಷಿನ್ನು,
ಹಿಂದಕ್ಕೆ ಬರುವಾಗ ಭಜನೆ ಹಾಡುವ ಯಾರದೋ ಕಾರು.
"ಕಿಟಕಿ ತೆಗೆದಿಡು," ಅನ್ನುತ್ತಾನೆ,
ಬಿಸಿಲು ತಂತಿಯಲ್ಲಿ ಹೋಗುತ್ತದೆ ಎಂಬಂತೆ.

ಜನವರಿಯ ಒಂದು ಮಧ್ಯಾಹ್ನ
ಆರನೇ ಚುಕ್ಕೆ ಆಲ್ಡರ್ ಬೀದಿಯಲ್ಲಿ ನಿಂತಿತು.
ಐದು ನಿಮಿಷ. ಹತ್ತು. ಕರೆದೆ. ಬರೀ ಎಂಜಿನ್ನು.
ಮ್ಯಾನೇಜರು ಮಲಗಿದ್ದ, ಎತ್ತಲಿಲ್ಲ.
ಅವರ ತುರ್ತು ನಂಬರನ್ನು ನನ್ನ ಮೊಬೈಲಿನಲ್ಲಿ ಒತ್ತಿದೆ.
ಎತ್ತಿದ್ದು ಬೆಂಗಳೂರೇ, ಒಂದು ಹೆಣ್ಣು ದನಿ,
ನನ್ನ ಹಳೇ ಕೆಲಸದ್ದೇ ದನಿ:
"ಹೇಳಿ, ಯಾವ ಏರಿಯಾ? ಲ್ಯಾಂಡ್‌ಮಾರ್ಕ್ ಹೇಳಿ."
ಆಲ್ಡರ್ ಬೀದಿಯ ತುದಿ, ಚರ್ಚಿನ ಎದುರು,
ಎಲ್ಲ ಗೊತ್ತಿತ್ತು. ಹೇಳಲಾಗಲಿಲ್ಲ.

ಇಪ್ಪತ್ತೆರಡನೇ ನಿಮಿಷಕ್ಕೆ ಏದುಸಿರು. ಅವನೇ.
ಇಳಿದು ಹೋಗಿದ್ದನಂತೆ, ಸ್ವಂತ ಸಲಿಕೆ ಹಿಡಿದು,
ಒಬ್ಬ ಮುದುಕಿಯ ಮೆಟ್ಟಿಲು ಬಾಚಲು.
ಬೆಳಿಗ್ಗೆ ಆಕೆ ಡಯಾಲಿಸಿಸ್‌ಗೆ ಹೋಗಬೇಕು;
ಕಾಂಟ್ರಾಕ್ಟಿನಲ್ಲಿ ಬೀದಿಯಿದೆ, ಮೆಟ್ಟಿಲಿಲ್ಲ.
"ನಿನ್ ಮನೆ ಕಾಯ್ವೋಗ, ಒಂದ್ ಮಾತು ಹೇಳಕ್ಕೇನಾಗಿತ್ತು?"
ಅಂದದ್ದು ಕನ್ನಡದಲ್ಲಿ ಎಂದು ಅಂದ ಮೇಲೆ ತಿಳಿಯಿತು.
ಸ್ವಲ್ಪ ಹೊತ್ತು ವೈಪರಿನ ಸದ್ದು.
ಆಮೇಲೆ, ಸಾರಿ.
ದಾಖಲೆಯಲ್ಲಿ ಬರೆದೆ: ಆರು, ಇಪ್ಪತ್ತೆರಡು ನಿಮಿಷ, ವೈಪರ್ ತೊಂದರೆ.

ಮಾರ್ಚಿನಲ್ಲಿ ಹನ್ನೊಂದು ಚುಕ್ಕೆ ಆರಾಯಿತು, ಮೂರಾಯಿತು.
ಅಲ್ಲಿ ಬಿಸಿಲು ಬಂದಷ್ಟೂ ನನ್ನ ಬಿಲ್ಲು ಕರಗುತ್ತದೆ.
ಇಲ್ಲಿ ಬೋರು ಬತ್ತಿ ನಾಲ್ಕು ದಿನ, ಟ್ಯಾಂಕರಿನವನು ಫೋನೆತ್ತುವುದಿಲ್ಲ.
ಇಡೀ ಚಳಿಗಾಲ ನೀರನ್ನು ದಾರಿಬದಿಗೆ ತಳ್ಳಿಸಿದ್ದೇನೆ ಲಾರಿಗಟ್ಟಲೆ,
ಯಾರಿಗೂ ಬೇಡದ ನೀರು.
ಕೊಡ ಸಾಲಿಗಿಟ್ಟು, ಮೊಬೈಲು ಸೆರಗಿಗೆ ಸಿಕ್ಕಿಸಿ,
ಒಂದು ಕಿವಿಯಲ್ಲಿ ಗಾರ್ತನನ್ನು ಇಟ್ಟುಕೊಂಡು ಬೀದಿಗಿಳಿದೆ.

ಟ್ಯಾಂಕರು ಬಂತು. ತಪ್ಪು ಕ್ರಾಸಿಗೆ ತಿರುಗಿತು.
ಗಂಟಲು ನನ್ನನ್ನು ಕೇಳದೆ ಎದ್ದಿತು:
"ಗಾಡಿ! ಹಿಂದಕ್ ತಗೊಳ್ಳಿ, ಮೂರನೇ ಕ್ರಾಸು,
ಟ್ರಾನ್ಸ್‌ಫಾರ್ಮರ್ ಪಕ್ಕ, ಎಡಕ್ಕೆ, ಎಡಕ್ಕೆ, ನಿಲ್ಸಿ!"
ಅದು ನಿಂತಿತು.
ಪುಟ್ಟಲಿಂಗಮ್ಮ ಕೊಡ ಬಿಟ್ಟು ನನ್ನ ಮುಖ ನೋಡಿದರು.

ಕಿವಿಯಲ್ಲಿ ಗಾರ್ತ್: "ವರಿ, ಅದು ನನಗಾ?"
ಅಲ್ಲ ಮಾರಾಯ,
ನೀನು ನೇರ ಹೋಗು.