ಒಂದೇ ಬದಿಗೆ ಇಬ್ಬರು

ಮೇ ತಿಂಗಳು. ಗಿಮ್ಲಿಯ ದಂಡೆಯಲ್ಲಿ
ಕೊನೆಯ ಹಿಮದ ಚೂರುಗಳು ಒಂದರ ಮೇಲೊಂದು ಹತ್ತಿ
ಗಾಜಿನ ಬಳೆಯ ಸದ್ದು ಮಾಡುತ್ತಿವೆ.
ಒರೆಸ್ಟನ ಅಂಗಳದಲ್ಲಿ ಹನ್ನೊಂದು ಅಲ್ಯೂಮಿನಿಯಂ ದೋಣಿ,
ತೊಳೆದು ಕವುಚಿಟ್ಟ ಪಾತ್ರೆಗಳ ಹಾಗೆ.
ಅಣ್ಣ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ
ಕಿವಿ ಕೊಡುತ್ತಾನೆ, ಕಲ್ಲಂಗಡಿ ಕೊಳ್ಳುವವರಂತೆ.
ಎಡಗಿವಿ.
ಬಲಗಿವಿ ಹೋಗಿ ಎರಡು ಚಳಿಗಾಲವಾಯಿತು,
ಅದರ ಜೊತೆ ನೆಲವೂ ಹೋಯಿತು:
ಅಡುಗೆಮನೆಯ ನಡುವೆ ನಿಂತವನು
ತಟ್ಟನೆ ಮೇಜು ಹಿಡಿಯುತ್ತಾನೆ,
ಅಲೆ ಬಂತು ಎನ್ನುವ ಹಾಗೆ.

ನೀರಿಗಿಳಿಯಬೇಡಿ, ಎಂದಿದ್ದಳು ವೈದ್ಯೆ,
ಇಳಿದರೂ ಒಬ್ಬರೇ ಬೇಡ.
ಎರಡನೆಯ ಮಾತು ಮಾತ್ರ ಒಳ್ಳೆಯ ಕಿವಿಗೆ ಬಿತ್ತು.
ಹೀಗೆ ಒಂಬತ್ತು ವರ್ಷದ ಮೇಲೆ ನನಗೊಂದು ಫೋನು:
"ದೋಣಿ ನೋಡಬೇಕು, ಬರ್ತೀಯಾ ಆಸ್ದೀಸ್?"
ಹೇಗಿದ್ದೀಯ, ಇಲ್ಲ.

ಈ ಚಪ್ಪಟೆ ತಳದ್ದು ನೋಡಿ, ಎನ್ನುತ್ತಾನೆ ಒರೆಸ್ಟ್,
ನಿಂತ ನೀರಲ್ಲಿ ಇದು ಮನೆಯ ಜಗಲಿ.
ಗಾಳಿ ಎದ್ದರೆ ಮಾತ್ರ ಒಂದೊಂದು ಅಲೆಯೂ
ಬೆನ್ನುಮೂಳೆಗೇ ಬಂದು ಲೆಕ್ಕ ಕೇಳುತ್ತದೆ.
ಈ ಸರೋವರಕ್ಕೆ ಆಳ ಕಡಿಮೆ, ಸಿಟ್ಟು ಬೇಗ.
ಅದು ಚೂಪು ತಳದ್ದು. ಕಾಲಿಟ್ಟೊಡನೆ
ಬಿದ್ದೆ ಅನ್ನಿಸುತ್ತದೆ, ಆದರೆ ಬೀಳಿಸುವುದಿಲ್ಲ,
ಒಂದು ಮಟ್ಟಕ್ಕೆ ವಾಲಿ ಅಲ್ಲಿ ಭುಜ ಊರುತ್ತದೆ.
ಮೊದಲನೆಯದು ಹಾಗಲ್ಲ,
ವಾಲುವುದಿಲ್ಲ, ವಾಲುವುದಿಲ್ಲ,
ಆಮೇಲೆ ಒಂದೇ ಸಲ ಮಗುಚುತ್ತದೆ.

ನಮ್ಮ ಮನೆತನ ಮೊದಲನೆಯ ಜಾತಿ ಎಂದು ನಾನು ಹೇಳಲಿಲ್ಲ.
ಅಪ್ಪನ ಮೀನಿನ ಪರವಾನಗಿಯನ್ನು
ಹ್ಯಾಲ್ಮರ್ ಯಾರನ್ನೂ ಕೇಳದೆ ಮಾರಿದ ದಿನ
ನಾನು ಕಾಫಿ ಮುಗಿಸಿ, ಬಟ್ಟಲು ತೊಳೆದಿಟ್ಟು,
ಎದ್ದು ಬಂದಿದ್ದೆ.

ಅಗಲವನ್ನು ಅವನು ಗೇಣಿನಿಂದ ಅಳೆಯುತ್ತಾನೆ.
ತಗಡು ಎಷ್ಟು ದಪ್ಪ, ರಿವೆಟ್ಟೋ ಬೆಸುಗೆಯೋ.
ರಿವೆಟ್ಟು ಹತ್ತು ವರ್ಷಕ್ಕೆ ಅಳಲು ತೊಡಗುತ್ತದೆ,
ಬೆಸುಗೆ ಅಳುವುದಿಲ್ಲ, ಸೀಳುತ್ತದೆ, ಎನ್ನುತ್ತಾನೆ
ಯಾರಿಗೂ ಅಲ್ಲದೆ.

ಅಪ್ಪನ ದೋಣಿ ಮರದ್ದು, ಕಿರಿದು.
ಅಣ್ಣ ಎಡಕ್ಕೆ ಬಾಗಿ ಬಲೆ ಎಳೆದರೆ
ನಾನು ಬಲಕ್ಕೆ ಒರಗಬೇಕು.
ಅವನು ಮೂಗೊರೆಸಿಕೊಂಡರೂ
ನನ್ನ ಮೈ ತಾನಾಗಿ ಆಚೆ ಸರಿಯುತ್ತಿತ್ತು.
ಒಬ್ಬರನ್ನೊಬ್ಬರು ಮುಳುಗದಂತೆ ಕಾದದ್ದು ಹಾಗೆ,
ಬೆನ್ನಿಗೆ ಬೆನ್ನು ಕೊಟ್ಟು.
ದಡ ಹತ್ತಿದ ಮೇಲೂ ಅಭ್ಯಾಸ ಬಿಡಲಿಲ್ಲ:
ಅವನು ಹೌದು ಎಂದರೆ ನಾನು ಅಲ್ಲ.

ಕೊನೆಗೆ ಒಂದನ್ನು ಇಳಿಸಿದರು. ಮೂತಿ ಚೂಪು,
ಹಿಂದೆ ಹೋಗುತ್ತ ಚಪ್ಪಟೆ, ಬಸುರಿಯ ಹಾಗೆ ಅಗಲ.
ಹತ್ತಿದೆವು. ಅವನು ಎಡಕ್ಕೆ,
ಕೇಳದೆಯೇ ನಾನು ಬಲಕ್ಕೆ.
"ಹಾಗಲ್ಲ," ದಕ್ಕೆಯ ಮೇಲಿಂದ ಒರೆಸ್ಟ್ ಕೂಗಿದ,
"ಹಾಗೆ ನಿಂತರೆ ಬಚ್ಚಲ ತೊಟ್ಟಿಯೂ ಮಗುಚೋದಿಲ್ಲ.
ಇಬ್ಬರೂ ಒಂದೇ ಬದಿಗೆ ಬನ್ನಿ. ಅಂಚಿಗೆ.
ದೊಡ್ಡ ಮೀನು ಸಿಕ್ಕಿದೆ ಅಂದುಕೊಳ್ಳಿ."

ಮೂರು ಹೆಜ್ಜೆ. ದಾಟಿದೆ.
ದೋಣಿ ವಾಲಿತು, ನೀರು ಅಂಚಿನತ್ತ ಏರಿತು,
ಒಂದು ಗೇಣು, ಅರೆಗೇಣು.
ಅಣ್ಣನ ಕೈ ನನ್ನ ಕೋಟಿನ ತೋಳು ಹಿಡಿಯಿತು, ಮೇಜನ್ನು ಹಿಡಿಯುವ ಹಾಗೆ.
ಅಲ್ಲಿಗೆ ನಿಂತಿತು.
ನಿಂತೇ ಇತ್ತು.
ಕೆಳಗೆ ಒಂದು ಹಿಮದ ಚೂರು, ಪೆಟ್ರೋಲಿನ ಬಣ್ಣದ ಪದರ,
ಅವನ ಬೋಳುತಲೆ, ನನ್ನ ಉಣ್ಣೆಯ ಟೊಪ್ಪಿ.
"ಇಲ್ಲಿ ತಲೆ ತಿರುಗ್ತಿಲ್ಲ" ಎಂದ.
"ಎಲ್ಲವೂ ಅಲ್ಲಾಡುವ ಕಡೆ
ನಾನೊಬ್ಬನೇ ಅಲ್ಲವಲ್ಲ."

ಆ ಮಾತು ಬಾಯಿಗೆ ಬಂತು, ಪರವಾನಗಿಯದ್ದು.
ನಾನು ನಿಂತದ್ದು ಅವನ ಬಲಗಿವಿಯ ಕಡೆ.
ಹೇಳಿಯೇಬಿಟ್ಟೆ, ಪೂರ್ತಿ, ಮೆಲ್ಲಗೆ.
ಅವನು ನೀರು ನೋಡುತ್ತಿದ್ದ.
ತೋಳು ಬಿಟ್ಟಿರಲಿಲ್ಲ.

ಆಮೇಲೆ ಬೆಲೆಯ ಮಾತು.
ಎಳೆಯುವ ಗಾಡಿಗೆ ಹೊಸ ಟೈರು ಕೊಡಲು ಒರೆಸ್ಟ್ ಒಪ್ಪಲೇ ಇಲ್ಲ.
ಹೆಚ್ಚಾಯಿತು, ಎಂದ ಅಣ್ಣ.
ನಾನು ಬಾಯಿ ತೆರೆದೆ,
ಅಭ್ಯಾಸದಂತೆ.
ಬಹಳ ಹೆಚ್ಚಾಯಿತು, ಎಂದೆ.