ಹೆಪ್ಪು

ರಾತ್ರಿ ಒಂಬತ್ತಕ್ಕೆ ಹಾಲಮ್ಮ
ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ
ಪಾತ್ರೆಗೆ ಹಳೇ ಟವೆಲು ಸುತ್ತುತ್ತಾಳೆ.
ಅದಕ್ಕೂ ಮೂರು ತಾಸು ಮೊದಲು
ತನಗೊಂದು ಗುಳಿಗೆ:
ಒಳಗಿನದು ಹೆಪ್ಪುಗಟ್ಟದಿರಲಿ ಅಂತ.
ಹದಿನಾಲ್ಕು ವರ್ಷದಿಂದ ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ
ಇವೆರಡು ತಪ್ಪಿಲ್ಲ.
ತಪ್ಪಿದ್ದು ಒಂದೇ ಸಲ.

ಅವಳೆದೆಯಲ್ಲಿರುವುದು ಲೋಹದ ಕವಾಟ.
ಚಿಕ್ಕಂದಿನ ಕೀಲುಜ್ವರ ತಿಂದುಬಿಟ್ಟ ಹಳೆಯದನ್ನು ತೆಗೆದು
ಬೆಂಗಳೂರಲ್ಲಿ ಕೂಡಿಸಿದ್ದು.
ಓಣಿ ಮಲಗಿದ ಮೇಲೆ ಕೇಳಿಸುತ್ತದೆ: ಟಿಕ್, ಟಿಕ್.
ಮೊದಲ ವಾರ ನನಗೆ ನಿದ್ದೆ ಬರಲಿಲ್ಲ.
ಆಮೇಲೆ ಅದಿಲ್ಲದೆ ಬರಲಿಲ್ಲ.
ಹತ್ತಿ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತವನು ನಾನು,
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದೆ;
ಉಳಿದ ಬಲಗಿವಿಗೆ ಗೊತ್ತಿರುವುದು ಒಂದೇ ವಿದ್ಯೆ:
ಸದ್ದು ಬದಲಾಯಿತೆಂದರೆ ಎಲ್ಲೋ ನೂಲು ಸಿಕ್ಕಿಕೊಂಡಿದೆ.

ಅವತ್ತು ಡಬ್ಬಿಯ ಮುಚ್ಚಳ ತಾಗಿ ಅವಳ ಹೆಬ್ಬೆರಳು ಸೀಳಿತು.
ಬೇರೆಯವರಿಗಾದರೆ ಅರಿಸಿನ ಒತ್ತಿ ಮರೆಯುವ ಗಾಯ.
ಅವಳದು ನಿಲ್ಲಲಿಲ್ಲ. ದೋಸೆ ಹೋಟೆಲಿಗೆ ಕೊಡಬೇಕಿದ್ದ
ಐದು ಕೇಜಿ ಬೆಣ್ಣೆಯೊಳಗೆ ಒಂದು ಕೆಂಪು ಎಳೆ.
ಅಷ್ಟನ್ನೂ ಮೋರಿಗೆ ಸುರಿದಳು, ತುಟಿ ಬಿಚ್ಚಲಿಲ್ಲ.
ಗುಳಿಗೆಯ ಪಟ್ಟಿಯನ್ನು ಜೋಳದ ಡಬ್ಬಿಯ ತಳಕ್ಕೆ ತುರುಕಿದ್ದು
ನನಗೆ ಗೊತ್ತಾದದ್ದು ಆಮೇಲೆ.

ಹನ್ನೊಂದನೆಯ ರಾತ್ರಿ ಎಚ್ಚರವಾಯಿತು.
ಸದ್ದು ನಿಂತಿರಲಿಲ್ಲ. ಮಂಕಾಗಿತ್ತು,
ಒದ್ದೆ ಬಟ್ಟೆಯ ಮೇಲೆ ಬೆರಳು ತಟ್ಟಿದ ಹಾಗೆ.
ಗೋಡೆಗೊರಗಿ ಕೂತು ಉಸಿರನ್ನು ಮೇಲಕ್ಕೆಳೆಯುತ್ತಿದ್ದಳು.
"ಗ್ಯಾಸು" ಅಂದಳು.

ಡಾಕ್ಟರ್ ಅರ್ಷಿಯಾ ಎದೆಗೆ ಕೊಳವೆ ಇಟ್ಟು, ತೆಗೆದು,
ನನ್ನನ್ನು ಕೇಳಿದರು: "ಸದ್ದು ಹೋಗಿದ್ದು ಎಷ್ಟೊತ್ತಿಗೆ?"
"ಎರಡೂ ಕಾಲಿಗೆ, ಮೇಡಂ."
ಬರೆದುಕೊಂಡರು.
ಗಿರಣಿಯವನೆಂದು ತಿಳಿದು ನೂಲಿನ ಮಾತಲ್ಲೇ ಹೇಳಿದರು:
ರಕ್ತದೊಳಗೆ ಕರಗಿದ ನೂಲಿರುತ್ತದಂತೆ, ಕಾಣದ ಹಾಗೆ.
ಗಾಯವಾದರೆ ಎಳೆಯಾಗಿ ಬಲೆ ನೇಯುತ್ತದೆ;
ಲೋಹ ಕಂಡರೂ ಗಾಯವೆಂದೇ ತಿಳಿದು ನೇಯುತ್ತದೆ.
ನೇಯುವ ಆಳುಗಳು ಬರುವುದು ಲಿವರಿನಿಂದ,
ಅವರ ಕೈಗೆ ಕೊಕ್ಕೆ ಕೊಡುವುದು ಸೊಪ್ಪಿನ ಸತ್ವ.
ಗುಳಿಗೆ ಆ ಸತ್ವ ಮತ್ತೆ ಬಳಕೆಗೆ ಬಾರದಂತೆ ತಡೆದು
ಕೊಕ್ಕೆಯಿಲ್ಲದ ಆಳುಗಳನ್ನು ಪಾಳಿಗೆ ಬಿಡುತ್ತದೆ.
"ರಕ್ತ ತೆಳ್ಳಗಾಗುವುದಿಲ್ಲ ಕರಿಬಸಪ್ಪ, ಅದು ಜನ ಹೇಳುವ ಮಾತು.
ಮುಷ್ಕರ ಹೂಡುತ್ತದೆ ಅಷ್ಟೆ."
ಮುಷ್ಕರ ನನಗೆ ಗೊತ್ತು.
ನಮ್ಮದು ಮುಗಿಯುವಷ್ಟರಲ್ಲಿ ಗಿರಣಿಯೇ ಮುಗಿದಿತ್ತು.

"ಈಗ ಗುಳಿಗೆ ಸಾಲದು. ನೇಯ್ದಾಗಿದೆ. ಬಿಚ್ಚಬೇಕು."
ಬಾಟಲಿ ಹನಿಹನಿಯಾಗಿ ಇಳಿಯಿತು.
ಆ ಔಷಧಿಯೂ ತಾನಾಗಿ ಕತ್ತರಿಸುವುದಿಲ್ಲ;
ಅವಳ ರಕ್ತದಲ್ಲೇ ಮಲಗಿರುವ ಕತ್ತರಿಯನ್ನು
ಹೆಸರು ಹಿಡಿದು ಎಬ್ಬಿಸುತ್ತದೆ.
ಎದ್ದ ಕತ್ತರಿಗೆ ಕಣ್ಣಿಲ್ಲ.
ಕವಾಟದ ಬಲೆ ಯಾವುದು, ಹೆಬ್ಬೆರಳ ಗಾಯದ ಕದ ಯಾವುದು,
ತಲೆಯೊಳಗಿನ ಸಣ್ಣ ತೇಪೆ ಯಾವುದು, ಕೇಳುವುದಿಲ್ಲ.
ಅದಕ್ಕೇ ಸಹಿ. ನಾಲ್ಕು ಕಡೆ ಹಾಕಿದೆ.
ಪೆನ್ನು ನರ್ಸಮ್ಮನದು, ವಾಪಸು ಕೊಡಲು ಮರೆತೆ.
ಈಗಲೂ ಮನೆಯಲ್ಲಿದೆ.

ಮರುದಿನ ಇಡೀ ವಸಡಿನಲ್ಲಿ ಕೆಂಪು,
ಬಳೆ ತೆಗೆದ ಮುಂಗೈಯಲ್ಲಿ ನೇರಳೆ.
ಹೆಬ್ಬೆರಳು ಮತ್ತೆ ಬಾಯಿ ತೆರೆಯಿತು.
ಒತ್ತಿ ಹಿಡಿದು ಕೂತೆ: ಹತ್ತಿ, ಮತ್ತೆ ಹತ್ತಿ.
ಸಂಜೆ ನಾಲ್ಕರ ಸುಮಾರಿಗೆ
ವಾರ್ಡಿನ ಫ್ಯಾನಿನ ಗರಗರದ ನಡುವೆ
ಬಲಗಿವಿಯನ್ನು ಅವಳ ಬೆನ್ನಿಗಿಟ್ಟೆ.

ಟಿಕ್.

ಡಾಕ್ಟರಿಗಿಂತ ಮೊದಲು ಕೇಳಿದವನು ನಾನು.
ಇದೊಂದು ಜಂಬ ನನಗಿರಲಿ.

ಈಗ ತಿಂಗಳಿಗೊಮ್ಮೆ ರಕ್ತ ಕೊಟ್ಟು ಅಂಕಿ ಬರೆಸಿಕೊಂಡು ಬರುತ್ತೇವೆ.
ಎರಡೂವರೆಗಿಂತ ಇಳಿಯಬಾರದು, ಮೂರೂವರೆ ದಾಟಬಾರದು.
ಮೆಂತ್ಯ ಸೊಪ್ಪು ಬಿಡುವ ಹಾಗಿಲ್ಲ,
ಒಮ್ಮೆಲೇ ಮುಕ್ಕುವ ಹಾಗೂ ಇಲ್ಲ.
ಡಬ್ಬಿಯ ಅಂಚಿಗೆ ಅವಳೇ ಸೈಕಲ್ ಟ್ಯೂಬು ಅಂಟಿಸಿದ್ದಾಳೆ.
ಗುಳಿಗೆಯ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ;
"ಬಾರೆ ಸವತಿ" ಅಂತಲೇ ನುಂಗುತ್ತಾಳೆ.

ಟವೆಲಿನೊಳಗೆ ಹಾಲು ಸದ್ದಿಲ್ಲದೆ ಗಟ್ಟಿಯಾಗುತ್ತಿರುತ್ತದೆ.
ನಾನು ಕಣ್ಣು ಮುಚ್ಚಿ ಎಣಿಸುತ್ತಿರುತ್ತೇನೆ.
"ಏನ್ ಕೇಳ್ತೀಯ, ಮಕ್ಕೋ ಸುಮ್ನೆ" ಅನ್ನುತ್ತಾಳೆ.
ಮೊದಲು ನನ್ನ ಎಡಕ್ಕೆ ಮಲಗುತ್ತಿದ್ದಳು.
ಈಗ ಬಲಕ್ಕೆ.