ಕಳೆಯುವ ಲೆಕ್ಕ

ಮುಳಗುಂದ ನಾಕಾದಾಗ ನಂದೊಂದು ಅಂಗಡಿ,
ಒಬ್ಬಾಂವ ಕೂತ್ರ ಇನ್ನೊಬ್ಬಾಂವ ನಿಂದರಬೇಕು.
ಟ್ರ್ಯಾಕ್ಟರಿನವರಿಗೆ ಮೆಮರಿ ಕಾರ್ಡ್ ತುಂಬಿಕೊಡತೀನಿ.
ಬೂಸಲು ಹತ್ತಿದ್ದು, ಸುರುಳಿ ಹರಿದದ್ದು,
ಮದಿವಿ ಕ್ಯಾಸೆಟ್ಟು, ಕೀರ್ತನದ ಕ್ಯಾಸೆಟ್ಟು
ಎಲ್ಲಾನೂ ಫೈಲ್ ಮಾಡತೀನಿ.
ತಾಸಿಗೆ ನೂರಾ ಐವತ್ತು. ಬೂಸಲಿದ್ರ ಇನ್ನೂರು.

ಸುಭದ್ರಾಬಾಯಿ ಬಾಕಳೆ ಬಂದದ್ದು ಮಟಮಟ ಮಧ್ಯಾಹ್ನ,
ಬೆಟಗೇರಿಯಿಂದ ಆಟೋ ಮಾಡಿಕೊಂಡು.
ಕುಪ್ಪಸದ ತುಂಡಿನಾಗ ಸುತ್ತಿದ ಒಂದ ಒಂದು ಕ್ಯಾಸೆಟ್ಟು.
ಮ್ಯಾಲೆ ನೀಲಿ ಶಾಯಿ:
ಬುವಾ. ಪೂರಿಯಾ. ಅಳವಂಡಿ ವಕೀಲರ ಮನಿ.
ಇಸವಿ ಬೆವರಿಗೆ ಅಳಿಸಿತ್ತು.
"ಫೋನಿನಾಗ ಹಿಡಿಯೂಹಂಗ ಸಣ್ಣದು ಮಾಡು" ಅಂದ್ರು.
"ಜಾಗಾ ಇಲ್ಲಂತ, ಮೊಮ್ಮಗಳು ಬೈತಾಳ."

ಡೆಕ್ಕಿನ ತಲಿ ಸ್ಪಿರಿಟ್ಟಿಲೆ ಒರಸಿ ಗುಂಡಿ ಒತ್ತಿದೆ.
ದನಿ ಹರಕೊಂಡು ಬರತೈತಿ, ಯಂತ್ರ ಹೆಚ್ಚತೈತಿ,
ಸೆಕೆಂಡಿಗೆ ನಲವತ್ನಾಕು ಸಾವಿರದ ನೂರು ಹೋಳು.
ಒಂದೊಂದು ಹೋಳಿಗೂ ಒಂದೊಂದು ಅಂಕಿ.
ಖಾನಾವಳಿ ನೀಲವ್ವ ಉಳ್ಳಾಗಡ್ಡಿ ಹೆಚ್ಚೂದು ನೋಡೇನಿ,
ಆಕೀ ಕೈಗೂ ಈ ಹದಾ ಇಲ್ಲ.
ತಾಸಿಗೆ ಆರನೂರಾ ಮೂವತ್ತೈದು ಎಂಬಿ ಆತು.

ಆಮ್ಯಾಲೆ ಹಿಂಡೂದು.
ಅರಿವಿ ಹಿಂಡಿದಂಗ ಅಲ್ಲ ಮತ್ತ.
ಅಲ್ಲಿ ನೀರು ಹೋಗತೈತಿ, ಅರಿವಿ ಉಳೀತೈತಿ.
ಇಲ್ಲಿ ಎಳೀನ ಕೀಳತಾರ,
ಯಾವ ಎಳಿ ಕಿತ್ರ ನೋಡಾವರಿಗೆ ಗೊತ್ತಾಗೂದಿಲ್ಲೋ ಆ ಎಳಿ.
ದೊಡ್ಡ ದನಿ ಎದ್ದಾಗ ಮಗ್ಗಲದ ಸಣ್ಣ ದನಿ
ಕಿವಿಗೆ ಬೀಳೂದಿಲ್ಲಂತ ಯಾರೋ ಲೆಕ್ಕ ಹಾಕಿಟ್ಟಾರ.
ಲೆಕ್ಕ ಖರೇನ ಐತಿ,
ಶನಿವಾರ ಸಂತ್ಯಾಗ ನಿಂತು ನೋಡ್ರಿ ಬೇಕಾದ್ರ.
ಐವತ್ತೇಳು ಎಂಬಿ.

ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು.
"ಬುವಾ ಬಂದ್ರು. ತಬಲಾ ಬಂತು.
ವಕೀಲರ ಗಡಿಯಾರ ಸುದ್ಧಾ ಬಂತು.
ನಾ ಎಲ್ಲಿ?"
"ನೀವೂ ಹಾಡೀರೇನ್ರಿ?"
"ಹಿಂದ ತಂಬೂರಿ ಹಿಡಿದು ಕುಂತಿದ್ದೆ."

ತಂಬೂರಿ ಇತ್ತು.
ಒಲಿ ಮ್ಯಾಲಿನ ಎಸರಿನಂಗ, ಗುಳುಗುಳು.

"ಕುದುರಿ ಮ್ಯಾಲೆ, ತಂತಿ ಕೆಳಗ, ಒಂದು ದಾರ ಇರತೈತಿ.
ನಮ್ಮಪ್ಪನ ಮಗ್ಗದ ಕೆಳಗ ಬಿದ್ದ ರೇಶ್ಮಿ, ಆರಿಸಿಕೊಂಡು ಒಯ್ಯತಿದ್ದೆ.
ಕೂದಲೆಳಿಯಷ್ಟು ಸರಿಸಿದ್ರ ತಂತಿ ಬಾಯಿ ಬಿಡತೈತಿ.
ಅದಕ್ಕ ಜವಾರಿ ಅಂತಾರ."
ಬಳ್ಳೊಳ್ಳಿ ಜವಾರಿ, ಕೋಳಿ ಜವಾರಿ, ಸೌತಿಕಾಯಿ ಜವಾರಿ,
ನನಗ ಗೊತ್ತಿದ್ದದ್ದು ಅಷ್ಟ.
"ದೊಡ್ಡ ದನಿ ಇದ್ದಾಗ ಸಣ್ಣದು ಕೇಳೂದಿಲ್ರಿ ಬಾಯಾರ,
ಯಂತ್ರಕ್ಕ ಹಂಗ ಕಲಿಸ್ಯಾರ."
"ಕಲಿಸಿದಾಂವ ಬುವಾನ ಮುಂದ ಕುಂತಿರಬೇಕು" ಅಂದ್ರು,
"ಹಿಂದ ಕುಂತಿಲ್ಲ."

ಹಟಾ ಬಂತು ನನಗ.
ದೊಡ್ಡದರಾಗ ಸಣ್ಣದನ್ನ ಕಳೆದೆ.
ಎರಡನೇತ್ತೆಯ ಲೆಕ್ಕ, ದಶಕ ಕಡ ತರೂದೂ ಬ್ಯಾಡ.
ಸಣ್ಣದು ಸಾವಿರದ ಚಿಲ್ಲರ ಹೋಳು ತಡಾ ಮಾಡಿ ಶುರುವಾಗತೈತಿ,
ಜಗ್ಗಿ ಸರಿ ಮಾಡಿ, ತಲಿಕೆಳಗ ತಿರುವಿ, ಕೂಡಿಸಿದೆ.
ಎರಡರಾಗೂ ಇದ್ದದ್ದು ಒಂದಕ್ಕೊಂದು ಹೊಡದು ಹೋತು.
ಹಿಂಡೂ ಮುಂದ ಚೆಲ್ಲಿದ್ದಷ್ಟ ಉಳೀತು.

ಬುವಾನ ದನಿ ಅಲ್ಲ, ಅದು ತಿಕ್ಕಿದ ಗುರುತು.
ಟೇಪಿನ ಸುಯ್ಯಾಟ.
ಅದರೊಳಗ ಝಿರ್ರಂತ ಒಂದು,
ಮಗ್ಗ ನಿಂತ ಮ್ಯಾಲೂ ಪಡಸಾಲ್ಯಾಗ ನಿಂದರತೈತಲ್ಲ, ಅಂಥಾದ್ದು.
ಪೂರಾ ಎಂಟು ನಿಮಿಷ ಕೇಳಿದರು.
ಹೊರಗ ಲಕ್ಷ್ಮೇಶ್ವರದ ಬಸ್ಸು ಹಾರ್ನ್ ಹೊಡಕೊಂತ ಹೋತು.
"ಇದು ನಾ ಅಲ್ಲ" ಅಂದ್ರು. "ಇದು ದಾರ."

ಫೋನಿಗೆ ಐವತ್ತೇಳರದ್ದನ್ನ ಹಾಕಿಸಿಕೊಂಡರು.
ನೂರಾ ಐವತ್ತು ಎಣಿಸಿ ಕೊಟ್ಟರು, ಚಿಲ್ಲರ ಸಮೇತ.
ಇನ್ನೊಂದರ ಮಾತ ಎತ್ತಲಿಲ್ಲ.

ಹೆಸರು ಕೊಡು ಅಂತ ಕಂಪ್ಯೂಟರ್ ಕೇಳತು.
ದಾರ ಅಂತ ಹೊಡೆದೆ.
ತೂಕ ನೋಡಿದ್ರ ಆರನೂರಾ ಮೂವತ್ತೈದು ಎಂಬಿ,
ಕಳೆದದ್ದೂ ಇದ್ದದ್ದರಷ್ಟ.
ಡಿಸ್ಕ್ ತುಂಬಿತ್ತು.
ಟ್ರ್ಯಾಕ್ಟರಿನವರ ಎರಡು ಡಿಜೆ ಫೋಲ್ಡರ್ ಅಳಿಸಿದೆ.